ಡಿಸ್ಕ್ ಡಿಫ್ರ್ಯಾಗ್: ಗೋವಾದ ಮನೆಗಳಲ್ಲಿ ಒಂದು ಕಂಪ್ಯೂಟರ್ ಆಚಾರದ ಚರಿತ್ರೆ

1990ರ ದಶಕದ ನಡುಭಾಗದಿಂದ 2010ರ ಸುಮಾರಿನವರೆಗೆ, ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರೆಲ್ಲರೂ ತಿಂಗಳಿಗೊಮ್ಮೆಯಾದರೂ ಮಾಡಬೇಕೆಂದು ಪುಸ್ತಕಗಳೂ ತರಬೇತಿ ಕೇಂದ್ರಗಳೂ ರಿಪೇರಿಯವರೂ ಒಂದೇ ದನಿಯಲ್ಲಿ ಹೇಳುತ್ತಿದ್ದ ಕೆಲಸವೆಂದರೆ ಡಿಸ್ಕ್ ಡಿಫ್ರ್ಯಾಗ್ಮೆಂಟೇಷನ್, ಬಳಕೆಯ ಮಾತಿನಲ್ಲಿ ಡಿಫ್ರ್ಯಾಗ್. ಹಾರ್ಡ್ ಡಿಸ್ಕಿನಲ್ಲಿ ಚೂರುಚೂರಾಗಿ ಹಂಚಿಹೋದ ಫೈಲುಗಳನ್ನು ಮತ್ತೆ ಒಂದೆಡೆ ಸಾಲಾಗಿ ಕೂಡಿಸುವ ಈ ಕೆಲಸ ತಾಂತ್ರಿಕ ಅಗತ್ಯವಾಗಿ ಹುಟ್ಟಿ, ಕ್ರಮೇಣ ಆಚಾರವಾಗಿ ಬೆಳೆದು, ಕಾರಣ ಮರೆಯಾದ ಮೇಲೂ ಕೆಲವು ವರ್ಷ ಉಳಿದುಕೊಂಡಿತು. ಈ ಆಚಾರದ ಏಳುಬೀಳನ್ನು ನೋಡಲು ಗೋವಾ ತಕ್ಕ ನೆಲೆ. ಮನೆಗೆ ಕಂಪ್ಯೂಟರ್ ತರುವ ನಿರ್ಧಾರವನ್ನು ಕುಟುಂಬಗಳಿಗೆ ಮಾತ್ರ ಬಿಡದೆ ಸರ್ಕಾರವೇ ಕೈಗೆತ್ತಿಕೊಂಡ ರಾಜ್ಯಗಳಲ್ಲಿ ಅದು ಮೊದಮೊದಲಿನದು. ಜೊತೆಗೆ ಅಲ್ಲಿನ ಮಳೆ, ತೇವ ಮತ್ತು ವಿದ್ಯುತ್ ವ್ಯತ್ಯಯಗಳು ಡಿಸ್ಕಿನ ನಿಜವಾದ ಶತ್ರುಗಳು ಯಾರೆಂಬುದನ್ನು ಬೇರೆಡೆಗಿಂತ ಬೇಗ ತೋರಿಸಿಕೊಡುವಂಥವು.

ಸಮಸ್ಯೆಯ ಮೂಲ ಡಿಸ್ಕಿನ ರಚನೆಯಲ್ಲಿಯೇ ಇದೆ. 1956ರಲ್ಲಿ ಐಬಿಎಂ ಹೊರತಂದ ರಾಮ್ಯಾಕ್ ಯಂತ್ರದಲ್ಲಿ 24 ಇಂಚು ಅಗಲದ 50 ತಟ್ಟೆಗಳು ಒಂದರ ಮೇಲೊಂದರಂತೆ ತಿರುಗುತ್ತಿದ್ದು, ಅವೆಲ್ಲ ಸೇರಿ 50 ಲಕ್ಷ ಅಕ್ಷರಗಳಷ್ಟು ಮಾಹಿತಿಯನ್ನು ಹಿಡಿಯುತ್ತಿದ್ದವು. 1980ರಲ್ಲಿ ಸೀಗೇಟ್ ಕಂಪನಿಯ 5 ಮೆಗಾಬೈಟ್ ಡಿಸ್ಕ್ ಬಂದು, 1983ರಲ್ಲಿ ಐಬಿಎಂನ ಪಿಸಿ ಎಕ್ಸ್‌ಟಿ 10 ಮೆಗಾಬೈಟ್ ಡಿಸ್ಕನ್ನು ಮೇಜಿನ ಮೇಲೆ ತಂದಿಟ್ಟಿತು. ಗಾತ್ರ ಎಷ್ಟೇ ಕುಗ್ಗಿದರೂ ಕೆಲಸದ ರೀತಿ ಬದಲಾಗಲಿಲ್ಲ: ತಿರುಗುವ ತಟ್ಟೆ, ಅದರ ಮೇಲೆ ಒಳಕ್ಕೂ ಹೊರಕ್ಕೂ ಸರಿಯುವ ತೋಳು, ತೋಳಿನ ತುದಿಯಲ್ಲಿ ಓದಿ ಬರೆಯುವ ಹೆಡ್. ತಟ್ಟೆಯ ಜಾಗವನ್ನು ಕ್ಲಸ್ಟರ್ ಎಂಬ ಸಣ್ಣ ಸಣ್ಣ ಪಾಲುಗಳಾಗಿ ವಿಂಗಡಿಸಲಾಗಿದ್ದು, ಯಾವ ಫೈಲಿನ ಯಾವ ಭಾಗ ಯಾವ ಕ್ಲಸ್ಟರಿನಲ್ಲಿದೆ ಎಂಬ ಲೆಕ್ಕವನ್ನು ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಡಾಸ್ ಮತ್ತು ಆರಂಭದ ವಿಂಡೋಸ್‌ಗಳಲ್ಲಿ ಈ ಪಟ್ಟಿಗೆ ಫ್ಯಾಟ್ ಎಂದು ಹೆಸರು. 1977ರಲ್ಲಿ ಫ್ಲಾಪಿಗಳಿಗಾಗಿ ರೂಪುಗೊಂಡ ಈ ಸರಳ ವ್ಯವಸ್ಥೆ, ಹೊಸ ಫೈಲು ಬಂದಾಗ ಖಾಲಿ ಕಂಡ ಕ್ಲಸ್ಟರುಗಳನ್ನು ಸಿಕ್ಕಿದ ಹಾಗೆ ತುಂಬಿಕೊಂಡು ಹೋಗುತ್ತಿತ್ತು. ಹಳೆಯ ಫೈಲು ಅಳಿಸಿದಲ್ಲಿ ಸಣ್ಣ ಖಾಲಿ ಜಾಗವಾಗಿ, ಅಲ್ಲಿ ಹೊಸ ದೊಡ್ಡ ಫೈಲಿನ ಒಂದು ತುಣುಕು ಕೂತು, ಉಳಿದ ತುಣುಕುಗಳು ಬೇರೆ ಬೇರೆ ಮೂಲೆ ಸೇರುತ್ತಿದ್ದವು. ಒಬ್ಬನೇ ರೈತನ ಎರಡು ಎಕರೆ ಊರಿನ ನಾಲ್ಕು ದಿಕ್ಕಿನಲ್ಲಿ ಹರಿದು ಹಂಚಿಹೋಗಿ ತುಂಡು ಹಿಡುವಳಿಯಾದಾಗ ಉಳುಮೆಗಿಂತ ಓಡಾಟವೇ ಹೆಚ್ಚಾಗುವಂತೆ, ಇಲ್ಲಿಯೂ ಓದುವುದಕ್ಕಿಂತ ಹುಡುಕುವುದಕ್ಕೇ ಹೆಚ್ಚು ಸಮಯ ಹಿಡಿಯುತ್ತಿತ್ತು.

ಈ ನಷ್ಟವನ್ನು ಅಂಕಿಗಳಲ್ಲಿ ಹೇಳುವುದು ಸಾಧ್ಯ. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೆ 11 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಬೇಕಾದ ಕ್ಲಸ್ಟರು ಹೆಡ್ಡಿನ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ತೋಳು ಆ ಜಾಡಿಗೆ ಸರಿಯಲು 9-10 ಮಿಲಿಸೆಕೆಂಡು ಬೇಕು. ಹೀಗೆ ಪ್ರತಿ ನೆಗೆತಕ್ಕೆ ಸುಮಾರು 15 ಮಿಲಿಸೆಕೆಂಡಿನಂತೆ, 200 ತುಣುಕುಗಳಾಗಿ ಒಡೆದ ಫೈಲೊಂದನ್ನು ತೆರೆಯುವಾಗ ಬರಿಯ ಅಲೆದಾಟಕ್ಕೇ 3 ಸೆಕೆಂಡು ಹೋಗುತ್ತಿತ್ತು. ಒಂದು ಪ್ರೋಗ್ರಾಂ ತೆರೆಯುವಾಗ ಹತ್ತಾರು ಫೈಲುಗಳನ್ನು ಓದಬೇಕಾಗುತ್ತದೆ ಎಂಬುದನ್ನು ನೆನೆದರೆ, ಕಂಪ್ಯೂಟರ್ ‘ಸ್ಲೋ ಆಗಿದೆ’ ಎಂಬ ದೂರು ಎಲ್ಲಿಂದ ಬಂತೆಂಬುದು ತಿಳಿಯುತ್ತದೆ.

ಚೂರುಗಳನ್ನು ಕೂಡಿಸುವ ಸಾಧನಗಳು ಮೊದಲು ದೊಡ್ಡ ಯಂತ್ರಗಳಿಗಾಗಿ ಬಂದವು. ಅಮೆರಿಕದ ಎಕ್ಸಿಕ್ಯೂಟಿವ್ ಸಾಫ್ಟ್‌ವೇರ್ ಸಂಸ್ಥೆ 1986ರಲ್ಲಿ ವ್ಯಾಕ್ಸ್ ಕಂಪ್ಯೂಟರುಗಳಿಗೆಂದು ಡಿಸ್ಕೀಪರ್ ಎಂಬ ತಂತ್ರಾಂಶವನ್ನು ರೂಪಿಸಿತು. ಪಿಸಿ ಬಳಸುವವರಿಗೆ ನಾರ್ಟನ್ ಯುಟಿಲಿಟೀಸ್‌ನ ಸ್ಪೀಡ್ ಡಿಸ್ಕ್ ಪರಿಚಿತವಾಯಿತು. 1993ರ ಎಂಎಸ್-ಡಾಸ್ 6ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಸೈಮ್ಯಾಂಟೆಕ್‌ನಿಂದ ಪರವಾನಗಿ ಪಡೆದ ಡಿಫ್ರ್ಯಾಗ್ ಸೌಲಭ್ಯವನ್ನು ಸೇರಿಸಿದಾಗ, ಹಣ ಕೊಟ್ಟು ಕೊಳ್ಳಬೇಕಾಗಿದ್ದ ಸಾಧನ ಪ್ರತಿ ಕಂಪ್ಯೂಟರಿನ ಭಾಗವಾಯಿತು. 1995ರ ವಿಂಡೋಸ್ 95 ಮತ್ತು 1998ರ ವಿಂಡೋಸ್ 98 ಅದನ್ನು ಮೆನುವಿನೊಳಗೆ ತಂದಿಟ್ಟವು. ಯಾವ ಪ್ರೋಗ್ರಾಂ ಹೆಚ್ಚಾಗಿ ಬಳಕೆಯಾಗುತ್ತದೆ ಎಂಬುದನ್ನು ಗಮನಿಸಿಟ್ಟುಕೊಂಡು ಅದಕ್ಕೆ ಸೇರಿದ ಫೈಲುಗಳನ್ನು ಒಟ್ಟಿಗೆ ಜೋಡಿಸುವ ಜಾಣತನವೂ ವಿಂಡೋಸ್ 98ರಲ್ಲಿ ಸೇರಿತು. ವಿವರ ತೋರಿಸುವ ಗುಂಡಿ ಒತ್ತಿದರೆ ಪರದೆಯ ತುಂಬ ಬಣ್ಣಬಣ್ಣದ ಸಣ್ಣ ಚೌಕಗಳು ಮೂಡಿ, ಒಂದೊಂದಾಗಿ ಸ್ಥಳ ಬದಲಿಸುತ್ತ ಮೇಲಿನಿಂದ ಕೆಳಕ್ಕೆ ಸಾಲುಗೂಡುತ್ತಿದ್ದವು. ಯಂತ್ರದ ಒಳಗೆ ಏನೋ ಸರಿಹೋಗುತ್ತಿದೆ ಎಂಬ ನಂಬಿಕೆಯನ್ನು ಕಣ್ಣಿಗೇ ಕಾಣಿಸಿದ ಈ ಚಿತ್ರ, ಡಿಫ್ರ್ಯಾಗ್ ಆಚಾರವಾಗಿ ಬೇರೂರಲು ಅದರ ನಿಜವಾದ ಪ್ರಯೋಜನದಷ್ಟೇ ಕಾರಣವಾಯಿತು.

ಗೋವಾದಲ್ಲಿ ಕಂಪ್ಯೂಟರ್ ಮನೆ ಹೊಕ್ಕ ಹಾದಿ ಇದೇ ಅವಧಿಗೆ ಸೇರಿದ್ದು. 1961ರ ಡಿಸೆಂಬರ್ 19ರಂದು ಪೋರ್ಚುಗೀಸ್ ಆಳ್ವಿಕೆಯಿಂದ ಬಿಡುಗಡೆ ಹೊಂದಿ, 1987ರ ಮೇ 30ರಂದು ಪೂರ್ಣ ರಾಜ್ಯವಾದ ಗೋವಾದಲ್ಲಿ, ಫರ್ಮಾಗುಡಿಯ ಎಂಜಿನಿಯರಿಂಗ್ ಕಾಲೇಜು ಮತ್ತು 1985ರಲ್ಲಿ ಸ್ಥಾಪನೆಯಾದ ಗೋವಾ ವಿಶ್ವವಿದ್ಯಾಲಯಗಳು ಕಂಪ್ಯೂಟರ್ ತಿಳಿದ ತಲೆಮಾರನ್ನು ಬೆಳೆಸಿದವು; ವೆರ್ಣಾ ಕೈಗಾರಿಕಾ ಪ್ರದೇಶದಲ್ಲಿ ಡಿ-ಲಿಂಕ್, ಸ್ಮಾರ್ಟ್‌ಲಿಂಕ್‌ನಂಥ ನೆಟ್‌ವರ್ಕ್ ಉಪಕರಣ ತಯಾರಕರು ನೆಲೆಯಾದರು. ಕೊಲ್ಲಿ ದೇಶಗಳು, ಪೋರ್ಚುಗಲ್, ಇಂಗ್ಲೆಂಡ್‌ಗಳಿಗೆ ದುಡಿಮೆಗೆಂದು ಹೋದ ಕುಟುಂಬದವರು ಎಷ್ಟೋ ಮನೆಗಳಲ್ಲಿ ಇದ್ದುದರಿಂದ, ದೂರದವರೊಡನೆ ಸಂಪರ್ಕದ ಹಂಬಲವೂ ಇತ್ತು. ಜಗತ್ತಿನಾದ್ಯಂತ ಹರಡಿದ ಗೋವಾದವರನ್ನು ಇಂಟರ್‌ನೆಟ್ ಮೂಲಕ ಬೆಸೆಯುವ ಗೋವಾನೆಟ್ 1994ರಲ್ಲಿಯೇ ಆರಂಭವಾದುದಕ್ಕೆ ಈ ವಲಸೆಯೇ ಹಿನ್ನೆಲೆ. ಆದರೆ ಸಾಮಾನ್ಯ ಕುಟುಂಬಕ್ಕೆ ಕಂಪ್ಯೂಟರ್ ಇನ್ನೂ ದುಬಾರಿಯ ವಸ್ತುವೇ ಆಗಿತ್ತು.

ಈ ಅಂತರವನ್ನು ತುಂಬಲು ಹೊರಟದ್ದು ಸರ್ಕಾರ. ಐಐಟಿ ಬಾಂಬೆಯಲ್ಲಿ ಲೋಹಶಾಸ್ತ್ರ ಓದಿದ್ದ ಮನೋಹರ ಪರ್ರೀಕರ್ 2000ದ ಅಕ್ಟೋಬರಿನಲ್ಲಿ ಮುಖ್ಯಮಂತ್ರಿಯಾದ ಮೇಲೆ, 2002ರಲ್ಲಿ ಸೈಬರೇಜ್ ಎಂಬ ಹೆಸರಿನ ಯೋಜನೆ ಜಾರಿಗೆ ಬಂದು, 11ನೇ ತರಗತಿಯ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಬಳಸಲು ಕಂಪ್ಯೂಟರ್ ಒದಗಿಸಲಾಯಿತು. ಶಾಲೆಯ ಪ್ರಯೋಗಾಲಯದಲ್ಲಿ ಬೀಗದೊಳಗಿರುತ್ತಿದ್ದ, ಮುಟ್ಟಲು ಸರದಿ ಕಾಯಬೇಕಾಗಿದ್ದ ಯಂತ್ರ ಹೀಗೆ ಮನೆಯ ಹಜಾರಕ್ಕೆ ಬಂದಾಗ, ಅದರ ಆರೈಕೆಯ ಹೊಣೆಯೂ ಅದರ ಜೊತೆಗೇ ಬಂತು. ಶಾಲೆಯಲ್ಲಿ ಆ ಹೊಣೆ ಶಿಕ್ಷಕನದೋ ಗುತ್ತಿಗೆದಾರನದೋ ಆಗಿದ್ದರೆ, ಮನೆಯಲ್ಲಿ ಅದು ಹದಿನಾರು ವರ್ಷದ ಹುಡುಗ ಹುಡುಗಿಯರದಾಯಿತು. ಆ ಕಾಲದ ಸಾಮಾನ್ಯ ಮನೆಗಂಪ್ಯೂಟರಿನಲ್ಲಿ 128 ಮೆಗಾಬೈಟ್ ಮೆಮೊರಿ, 20 ಅಥವಾ 40 ಗಿಗಾಬೈಟ್ ಡಿಸ್ಕ್ ಇರುತ್ತಿತ್ತು; ಪಾಠದ ಪ್ರಾಜೆಕ್ಟುಗಳ ಪಕ್ಕದಲ್ಲಿ ಎಂಪಿ3 ಹಾಡುಗಳು, ಸಿಡಿಯಿಂದ ನಕಲಾದ ಸಿನಿಮಾಗಳು, ಆಟಗಳು, ಕೊಲ್ಲಿಯಿಂದ ಬಂದ ಫೋಟೋಗಳು ಸೇರಿ, ಹಾಕುವುದು ಅಳಿಸುವುದು ನಿತ್ಯದ ಮಾತಾಗಿ, ಡಿಸ್ಕ್ ಕೆಲವೇ ತಿಂಗಳಲ್ಲಿ ಚೂರುಚೂರಾಗಲು ಬೇಕಾದ ಎಲ್ಲ ಸಂದರ್ಭವೂ ಒದಗುತ್ತಿತ್ತು.

ಡಿಫ್ರ್ಯಾಗ್ ಮಾಡಲು ಕೂತವರಿಗೆ ಮೊದಲು ಎದುರಾಗುತ್ತಿದ್ದ ತೊಡಕು, ಕೆಲಸ ಮುಗಿಯದಿರುವುದು. ವಿಂಡೋಸ್ 95 ಮತ್ತು 98ರ ಸಾಧನವು ಡಿಸ್ಕಿನ ನಕ್ಷೆಯನ್ನು ಮೊದಲು ಓದಿಕೊಂಡು ಅದರ ಪ್ರಕಾರ ಫೈಲುಗಳನ್ನು ಸರಿಸುತ್ತಿತ್ತು. ನಡುವೆ ಬೇರೆ ಯಾವುದೇ ಪ್ರೋಗ್ರಾಂ ಡಿಸ್ಕಿನ ಮೇಲೆ ಒಂದಕ್ಷರ ಬರೆದರೂ ಆ ನಕ್ಷೆ ಹಳತಾಗಿಬಿಡುವುದರಿಂದ, ಡ್ರೈವಿನಲ್ಲಿರುವುದು ಬದಲಾಗಿದೆ ಎಂಬ ಸಂದೇಶ ಕೊಟ್ಟು ಮೊದಲಿನಿಂದ ಶುರುಮಾಡುತ್ತಿತ್ತು. ಶೇ. 10ರವರೆಗೆ ಹೋಗಿ ಮತ್ತೆ ಸೊನ್ನೆಗೆ ಬಂದು, ಮತ್ತೆ ಶೇ. 10ಕ್ಕೆ ಹೋಗಿ, ರಾತ್ರಿಯಿಡೀ ಹೀಗೆಯೇ ಕಳೆಯುವುದೂ ಇತ್ತು. 10 ಸಲ ಮರುಪ್ರಾರಂಭವಾದ ಮೇಲೆ, ಬೇರೆ ಪ್ರೋಗ್ರಾಂ ಬರೆಯುತ್ತಿರುವುದರಿಂದ ಹೀಗಾಗುತ್ತಿದೆಯೆಂದು ಸಾಧನವೇ ಹೇಳುವ ಏರ್ಪಾಡೂ ಇತ್ತು. ಬಳಸುವವರು ಇದನ್ನು ಡಿಸ್ಕಿನ ದೋಷವೆಂದು ತಿಳಿದು ಯಂತ್ರವನ್ನು ರಿಪೇರಿಗೆ ಒಯ್ಯುತ್ತಿದ್ದರೂ, ನಿಜವಾದ ಕಾರಣ ಎಂದಿನಂತೆ ತಮ್ಮ ಕೆಲಸ ಮಾಡಿಕೊಂಡಿದ್ದ ಪ್ರೋಗ್ರಾಂಗಳೇ ಆಗಿರುತ್ತಿದ್ದವು: ಹಿನ್ನೆಲೆಯಲ್ಲಿ ಫೈಲು ತಪಾಸಣೆ ನಡೆಸುವ ಆ್ಯಂಟಿವೈರಸ್, ನಿಗದಿತ ಹೊತ್ತಿಗೆ ಏಳುವ ಸ್ಕ್ರೀನ್ ಸೇವರ್, ಮೈಕ್ರೋಸಾಫ್ಟ್ ಆಫೀಸ್ ಜೊತೆ ತಾನಾಗಿ ಸೇರಿಕೊಂಡು ದಾಖಲೆಗಳ ಸೂಚಿ ಕಟ್ಟುತ್ತಿದ್ದ ಫೈಂಡ್ ಫಾಸ್ಟ್, ಮತ್ತು ಮೆಮೊರಿ ಸಾಲದೆ ಹೋದಾಗ ಡಿಸ್ಕಿನ ಒಂದು ಭಾಗವನ್ನೇ ಮೆಮೊರಿಯಂತೆ ಬಳಸುವ, ಬೇಕಾದಂತೆ ಹಿಗ್ಗಿ ಕುಗ್ಗುವ ಸ್ವ್ಯಾಪ್ ಫೈಲು.

ಇದಕ್ಕೆ ರಿಪೇರಿಯವರ ನಡುವೆ ಒಂದು ಕ್ರಮ ರೂಢಿಯಾಯಿತು. ಕಂಟ್ರೋಲ್, ಆಲ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬರುವ ಪಟ್ಟಿಯಲ್ಲಿ ಎಕ್ಸ್‌ಪ್ಲೋರರ್ ಮತ್ತು ಸಿಸ್‌ಟ್ರೇ ಎಂಬ ಎರಡನ್ನು ಬಿಟ್ಟು ಉಳಿದುದನ್ನೆಲ್ಲ ಮುಚ್ಚುವುದು. ಸ್ಕ್ರೀನ್ ಸೇವರನ್ನು ತೆಗೆದು, ಪರದೆ ಹಾಗೂ ಡಿಸ್ಕುಗಳು ನಿದ್ರೆಗೆ ಹೋಗದಂತೆ ಮಾಡುವುದು. ಟೆಲಿಫೋನ್ ತಂತಿಯನ್ನು ಮೋಡೆಮ್ಮಿನಿಂದ ಕಳಚುವುದು. ಡಿಸ್ಕಿನ ಲೆಕ್ಕದಲ್ಲಿನ ತಪ್ಪುಗಳನ್ನು ತಿದ್ದುವ ಸ್ಕ್ಯಾನ್‌ಡಿಸ್ಕನ್ನು ಮೊದಲು ಓಡಿಸುವುದು. ಇಷ್ಟಾದರೂ ನಿಲ್ಲದಿದ್ದರೆ ಕಂಪ್ಯೂಟರ್ ಶುರುವಾಗುವಾಗ ಎಫ್8 ಒತ್ತಿ, ಅತ್ಯಗತ್ಯವಾದ ಭಾಗಗಳು ಮಾತ್ರ ಏಳುವ ಸೇಫ್ ಮೋಡಿನಲ್ಲಿ ಡಿಫ್ರ್ಯಾಗ್ ನಡೆಸುವುದು. ಸ್ವ್ಯಾಪ್ ಫೈಲಿನ ಕನಿಷ್ಠ ಮತ್ತು ಗರಿಷ್ಠ ಗಾತ್ರವನ್ನು ಒಂದೇ ಮಾಡಿಟ್ಟರೆ ಅದರ ಹಿಗ್ಗುವಿಕೆಯೂ ನಿಲ್ಲುತ್ತಿತ್ತು. ಡಿಫ್ರ್ಯಾಗ್‌ಗೆ ಬೇಕಾದುದು ಶಕ್ತಿಗಿಂತ ಹೆಚ್ಚಾಗಿ ನೆಮ್ಮದಿ ಎಂಬ ಅರಿವು ಈ ಕ್ರಮದ ಹಿಂದಿತ್ತು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಈ ಗೋಳನ್ನು ಬಹುಮಟ್ಟಿಗೆ ತಗ್ಗಿಸಿತು. ಅದರ ಎನ್‌ಟಿಎಫ್‌ಎಸ್ ಎಂಬ ಫೈಲು ವ್ಯವಸ್ಥೆ ಮತ್ತು ಡಿಸ್ಕೀಪರ್ ತಯಾರಕರೇ ಒದಗಿಸಿದ ಸರಳ ಆವೃತ್ತಿಯ ಡಿಫ್ರ್ಯಾಗ್ ಸಾಧನ, ಇತರ ಪ್ರೋಗ್ರಾಂಗಳು ಬರೆಯುತ್ತಿದ್ದರೂ ಕೆಲಸ ಮುಂದುವರಿಸಬಲ್ಲವಾಗಿದ್ದವು. ಇದೇ ಸಾಧನ ವಿಂಡೋಸ್ 2000ದಲ್ಲಿ ಸೇರಿದಾಗ, ತಯಾರಕ ಸಂಸ್ಥೆಯ ಮುಖ್ಯಸ್ಥರಿಗೆ ಸೈಂಟಾಲಜಿ ಪಂಥದೊಡನೆ ಇದ್ದ ಸಂಬಂಧದ ಕಾರಣಕ್ಕೆ ಜರ್ಮನಿಯಲ್ಲಿ ಆಕ್ಷೇಪ ಎದ್ದು, ಅದನ್ನು ತೆಗೆದುಹಾಕುವ ವಿಧಾನವನ್ನು ಮೈಕ್ರೋಸಾಫ್ಟ್ ತಿಳಿಸಬೇಕಾಗಿ ಬಂದದ್ದು ಈ ಚರಿತ್ರೆಯ ಒಂದು ವಿಚಿತ್ರ ಅಡ್ಡಹಾದಿ. ಎಕ್ಸ್‌ಪಿಯ ಪರದೆಯಲ್ಲಿ ಚೌಕಗಳ ಬದಲು ಪಟ್ಟೆಗಳು ಬಂದವು: ಚೂರಾದ ಫೈಲಿಗೆ ಕೆಂಪು, ಕೂಡಿದ ಫೈಲಿಗೆ ನೀಲಿ, ಸರಿಸಲಾಗದುದಕ್ಕೆ ಹಸಿರು, ಖಾಲಿ ಜಾಗಕ್ಕೆ ಬಿಳಿ. ಹೊಸ ತೊಡಕುಗಳೂ ಈ ಬಣ್ಣಗಳಲ್ಲಿಯೇ ಕಾಣಿಸಿಕೊಂಡವು. ಫೈಲಿನ ಚೂರುಗಳನ್ನು ಕೂಡಿಸಲು ಮೊದಲು ಅವನ್ನು ತಾತ್ಕಾಲಿಕವಾಗಿ ಇಡುವ ಜಾಗ ಬೇಕಾಗುವುದರಿಂದ, ಡಿಸ್ಕಿನಲ್ಲಿ ಶೇ. 15ರಷ್ಟಾದರೂ ಬಿಳಿ ಇರಬೇಕಿತ್ತು. ಸಿನಿಮಾಗಳಿಂದ ತುಂಬಿದ 20 ಗಿಗಾಬೈಟ್ ಡಿಸ್ಕಿನಲ್ಲಿ ಆ 3 ಗಿಗಾಬೈಟನ್ನು ಬಿಡಿಸುವುದೇ ಕಷ್ಟವಾಗಿ, ಡಿಫ್ರ್ಯಾಗ್ ಮುಗಿದ ಮೇಲೂ ಕೆಂಪು ಪಟ್ಟೆಗಳು ಹಾಗೆಯೇ ಉಳಿಯುತ್ತಿದ್ದವು. ಎಕ್ಸ್‌ಪಿಯಲ್ಲಿ ಪೇಜ್ ಫೈಲು ಎನಿಸಿಕೊಂಡ ಸ್ವ್ಯಾಪ್ ಫೈಲು ಬಳಕೆಯಲ್ಲಿರುವಾಗ ಅದರ ಹಸಿರು ಪಟ್ಟೆ ಎಷ್ಟು ಸಲ ಓಡಿಸಿದರೂ ಕದಲುತ್ತಿರಲಿಲ್ಲ. ಅದು ದೋಷವಲ್ಲ, ಸಾಧನದ ಮಿತಿ.

ಮೂರನೆಯ ಬಗೆಯ ತೊಡಕಿನಲ್ಲಿ ಗೋವಾದ ಹವೆಗೆ ದೊಡ್ಡ ಪಾಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ, ಮುಂಗಾರಿನ ಮುನ್ನ ಮೇ ತಿಂಗಳಲ್ಲೂ ಅದು ಹಿಂದೆ ಸರಿಯುವ ಅಕ್ಟೋಬರಿನಲ್ಲೂ ಗುಡುಗು ಸಿಡಿಲುಗಳ ಅಬ್ಬರವಿರುವ ಈ ಕರಾವಳಿಯಲ್ಲಿ, ತೆಂಗಿನ ಗರಿಯೋ ಹಲಸಿನ ಕೊಂಬೆಯೋ ತಂತಿಯ ಮೇಲೆ ಬಿದ್ದು ಕರೆಂಟು ಹೋಗುವುದು ಮಳೆಗಾಲದ ಸಾಮಾನ್ಯ ಸಂಗತಿ. ಗಂಟೆಗಟ್ಟಲೆ ಹಿಡಿಯುವ ಡಿಫ್ರ್ಯಾಗ್‌ನ ನಡುವೆ ಕರೆಂಟು ಹೋದರೆ, ಆಗತಾನೆ ಸರಿಸುತ್ತಿದ್ದ ಫೈಲಿನ ಲೆಕ್ಕ ಅರ್ಧ ಹಳೆಯ ಜಾಗದಲ್ಲೂ ಅರ್ಧ ಹೊಸ ಜಾಗದಲ್ಲೂ ಉಳಿಯುವ ಅಪಾಯ ಫ್ಯಾಟ್ ವ್ಯವಸ್ಥೆಯಲ್ಲಿತ್ತು; ಮಾಡಿದ ಬದಲಾವಣೆಗಳ ದಿನಚರಿ ಇಟ್ಟುಕೊಳ್ಳುವ ಎನ್‌ಟಿಎಫ್‌ಎಸ್‌ನಲ್ಲಿ ಈ ಅಪಾಯ ಕಡಿಮೆಯಾದರೂ, ಸರಿಯಾಗಿ ಮುಚ್ಚದ ಡಿಸ್ಕಿನ ಮೇಲೆ ‘ತಪಾಸಣೆ ಬಾಕಿ’ ಎಂಬ ಗುರುತು ಬಿದ್ದು, ಚೆಕ್‌ಡಿಸ್ಕ್ ಎಂಬ ಆ ತಪಾಸಣೆ ಮುಗಿಯುವವರೆಗೆ ಡಿಫ್ರ್ಯಾಗ್ ಶುರುವಾಗಲು ಒಪ್ಪುತ್ತಿರಲಿಲ್ಲ. ಪ್ರತಿ ಸಲ ಕಂಪ್ಯೂಟರ್ ಹಾಕಿದಾಗಲೂ ನೀಲಿ ಪರದೆಯಲ್ಲಿ ಈ ತಪಾಸಣೆ ಮರುಕಳಿಸುತ್ತಿದ್ದರೆ, ಡಿಸ್ಕಿನ ತಟ್ಟೆಯಲ್ಲಿಯೇ ಓದಲಾಗದ ಕೆಟ್ಟ ಜಾಗಗಳು ಹುಟ್ಟಿಕೊಂಡಿವೆಯೆಂದು ಸಂಶಯಪಡಬೇಕಾಗುತ್ತಿತ್ತು. ಇಲ್ಲಿಯೇ ಆಚಾರ ಅನಾಹುತಕ್ಕೆ ತಿರುಗುತ್ತಿದ್ದುದು. ಕಂಪ್ಯೂಟರ್ ನಿಧಾನವಾದುದಕ್ಕೆ ಕಾರಣ ಡಿಸ್ಕಿನ ಸಾವು ಹತ್ತಿರವಾದದ್ದೇ ಆಗಿದ್ದು, ಒಳಗಿನಿಂದ ಟಿಕ್ ಟಿಕ್ ಸದ್ದು ಕೇಳುತ್ತಿದ್ದರೂ, ರೂಢಿಯಂತೆ ಡಿಫ್ರ್ಯಾಗ್ ಓಡಿಸಿದವರು, ತಟ್ಟೆಯ ಉದ್ದಗಲಕ್ಕೂ ಗಂಟೆಗಳ ಕಾಲ ಬಿಡುವಿಲ್ಲದೆ ಓದಿ ಬರೆಯುವ ಕೆಲಸಕ್ಕೆ ಅದನ್ನು ಹಚ್ಚಿ, ಉಳಿಸಿಕೊಳ್ಳಬಹುದಾಗಿದ್ದ ಫೋಟೋಗಳನ್ನೂ ಕಳೆದುಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಸಿಡಿಗಳಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ಬ್ಯಾಕಪ್ ಸಿಡಿಯೂ ನಂಬುವಂಥದ್ದಾಗಿರಲಿಲ್ಲ. ಆದುದರಿಂದ ಯುಪಿಎಸ್ ಇಲ್ಲದ ಮನೆಯಲ್ಲಿ ಮಳೆಯ ದಿನ ಡಿಫ್ರ್ಯಾಗ್ ಬೇಡ, ಸದ್ದು ಮಾಡುವ ಡಿಸ್ಕಿಗೆ ಎಂದೂ ಬೇಡ ಎಂಬುದು ಪುಸ್ತಕದ ‘ತಿಂಗಳಿಗೊಮ್ಮೆ’ ಎಂಬ ವಿಧಿಗಿಂತ ಹೆಚ್ಚು ಬೆಲೆಯುಳ್ಳ ತಿಳಿವಳಿಕೆಯಾಗಿತ್ತು.

ಇದೇ ವರ್ಷಗಳಲ್ಲಿ ಗೋವಾದ ಶಾಲೆಗಳಲ್ಲಿ ಇನ್ನೊಂದು ದಾರಿಯ ಪ್ರಯೋಗವೂ ನಡೆಯಿತು. ಗೋವಾ ಸ್ಕೂಲ್ಸ್ ಕಂಪ್ಯೂಟರ್ ಪ್ರಾಜೆಕ್ಟ್ ಎಂಬ ಸ್ವಯಂಸೇವಾ ಪ್ರಯತ್ನದ ಮೂಲಕ ಅಮೆರಿಕದಿಂದ ಬಳಸಿದ ಕಂಪ್ಯೂಟರುಗಳನ್ನು ತರಿಸಿ, ಅವುಗಳಲ್ಲಿ ಮುಕ್ತ ತಂತ್ರಾಂಶವಾದ ಲಿನಕ್ಸ್ ಅಳವಡಿಸಿ ಶಾಲೆಗಳಿಗೆ ಕೊಡಲಾಯಿತು. ಪರವಾನಗಿ ಶುಲ್ಕದ ಉಳಿತಾಯ ಇದರ ಮುಖ್ಯ ಆಕರ್ಷಣೆಯಾಗಿದ್ದರೂ, ಡಿಸ್ಕಿನ ಮಟ್ಟಿಗೂ ಅದರಲ್ಲಿ ಒಂದು ಮೂಲಭೂತ ವ್ಯತ್ಯಾಸವಿತ್ತು. 1984ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ತಂಡ ಪ್ರಕಟಿಸಿದ ವಿಧಾನವನ್ನು ಅನುಸರಿಸಿ, ಲಿನಕ್ಸ್‌ನ ಎಕ್ಸ್‌ಟಿ2 ಮತ್ತು ಎಕ್ಸ್‌ಟಿ3 ವ್ಯವಸ್ಥೆಗಳು ಡಿಸ್ಕನ್ನು ಹಲವು ಗುಂಪುಗಳಾಗಿ ವಿಂಗಡಿಸಿ, ಒಂದು ಫೈಲಿನ ಭಾಗಗಳನ್ನು ಆದಷ್ಟೂ ಒಂದೇ ಗುಂಪಿನಲ್ಲಿ, ಬೆಳೆಯಲು ಸ್ವಲ್ಪ ಜಾಗ ಬಿಟ್ಟು ಇಡುತ್ತವೆ. ಒಡೆದ ಮೇಲೆ ಕೂಡಿಸುವುದಕ್ಕಿಂತ ಒಡೆಯದಂತೆ ಇಡುವುದೇ ಅವುಗಳ ನೀತಿಯಾದ್ದರಿಂದ, ಡಿಸ್ಕ್ ತುಂಬಿ ತುಳುಕುವವರೆಗೆ ಅಲ್ಲಿ ಡಿಫ್ರ್ಯಾಗ್‌ನ ಮಾತೇ ಬರುತ್ತಿರಲಿಲ್ಲ. ಹೀಗೆ ಒಂದೇ ಊರಿನಲ್ಲಿ, ಶಾಲೆಯ ಲಿನಕ್ಸ್ ಯಂತ್ರದ ಮುಂದೆ ಕೂತ ವಿದ್ಯಾರ್ಥಿಗೆ ಗೊತ್ತೇ ಇಲ್ಲದ ಕರ್ತವ್ಯ, ಮನೆಯ ವಿಂಡೋಸ್ ಯಂತ್ರದಲ್ಲಿ ಅನಿವಾರ್ಯವಾಗಿ ಕಾಣುತ್ತಿತ್ತು. ಅದು ಡಿಸ್ಕಿನ ಸಹಜ ಗುಣವಲ್ಲ, ಫೈಲುಗಳನ್ನು ಇಡುವ ಒಂದು ಪದ್ಧತಿಯ ಫಲ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿರಲಿಲ್ಲ.

2007ರಲ್ಲಿ ಮನೆಬಳಕೆಗೆ ಬಂದ ವಿಂಡೋಸ್ ವಿಸ್ಟಾ ಈ ಹೊಣೆಯನ್ನು ಬಳಸುವವರ ಕೈಯಿಂದ ತೆಗೆದುಕೊಂಡಿತು. ಪ್ರತಿ ಬುಧವಾರ ರಾತ್ರಿ 1 ಗಂಟೆಗೆ ಡಿಫ್ರ್ಯಾಗ್ ತಾನಾಗಿ ನಡೆಯುವಂತೆ ನಿಗದಿಯಾಗಿದ್ದು, ಆ ಹೊತ್ತಿಗೆ ಯಂತ್ರ ಆರಿದ್ದರೆ ಮುಂದೆ ಬಿಡುವಾಗಿರುವಾಗ ಸದ್ದಿಲ್ಲದೆ ಮುಗಿಯುತ್ತಿತ್ತು. 64 ಮೆಗಾಬೈಟ್‌ಗಿಂತ ದೊಡ್ಡ ತುಣುಕುಗಳನ್ನು ಕೂಡಿಸಿ ಪ್ರಯೋಜನವಿಲ್ಲವೆಂಬ ಲೆಕ್ಕದಿಂದ ಅವನ್ನು ಹಾಗೆಯೇ ಬಿಡಲಾಯಿತು. ಬಣ್ಣದ ಪಟ್ಟೆಗಳ ಚಿತ್ರವನ್ನೂ ಕಿತ್ತುಹಾಕಲಾಯಿತು. ಕಾಣುವ ಚಿತ್ರವಿಲ್ಲದೆ ಹೋದಾಗ ಕೆಲಸ ನಡೆಯುತ್ತಲೇ ಇಲ್ಲವೆಂದು ಭಾವಿಸಿದ ಹಳೆಯ ಬಳಕೆದಾರರು, ಚೌಕಗಳನ್ನು ತೋರಿಸುವ ಬೇರೆ ತಂತ್ರಾಂಶಗಳನ್ನು ಹುಡುಕಿ ಅಳವಡಿಸಿಕೊಂಡದ್ದರಲ್ಲಿ ಆಚಾರದ ಹಿಡಿತ ಎಷ್ಟಿತ್ತೆಂಬುದು ಕಾಣುತ್ತದೆ.

ಕೊನೆಯ ಪೆಟ್ಟು ಬಿದ್ದದ್ದು ಡಿಸ್ಕಿನ ಜಾತಿಯೇ ಬದಲಾದಾಗ. ಎಸ್‌ಎಸ್‌ಡಿ ಎಂದು ಕರೆಯುವ ಹೊಸ ಸಂಗ್ರಹಗಳಲ್ಲಿ ತಿರುಗುವ ತಟ್ಟೆಯೂ ಸರಿಯುವ ತೋಳೂ ಇಲ್ಲ. ಮಾಹಿತಿ ಚಿಪ್ಪುಗಳಲ್ಲಿರುವುದರಿಂದ ತುಣುಕು ಎಲ್ಲಿದ್ದರೂ ತಲುಪಲು ಹಿಡಿಯುವ ಸಮಯ ಹೆಚ್ಚುಕಡಿಮೆ ಒಂದೇ. ಚಿಪ್ಪಿನ ಪ್ರತಿ ಕೋಶವೂ ಇಂತಿಷ್ಟು ಸಲ ಮಾತ್ರ ಬರೆಸಿಕೊಳ್ಳಬಲ್ಲದಾದ್ದರಿಂದ, ಲಾಭವಿಲ್ಲದ ಡಿಫ್ರ್ಯಾಗ್ ಅದರ ಆಯುಸ್ಸನ್ನು ಸವೆಸುತ್ತದೆ. 2009ರ ವಿಂಡೋಸ್ 7 ಇಂಥ ಸಂಗ್ರಹವನ್ನು ಗುರುತಿಸಿ ಡಿಫ್ರ್ಯಾಗನ್ನು ನಿಲ್ಲಿಸಿ, ಅಳಿಸಿದ ಫೈಲಿನ ಜಾಗ ಖಾಲಿಯಾಗಿದೆಯೆಂದು ಚಿಪ್ಪಿಗೆ ತಿಳಿಸುವ ಟ್ರಿಮ್ ಎಂಬ ಆಜ್ಞೆಯನ್ನು ಕಳಿಸತೊಡಗಿತು. 2012ರ ವಿಂಡೋಸ್ 8ರಲ್ಲಿ ಎರಡೂ ಕೆಲಸಗಳನ್ನು ‘ಆಪ್ಟಿಮೈಜ್’ ಎಂಬ ಒಂದೇ ಗುಂಡಿಯ ಹಿಂದೆ ಇಟ್ಟು, ಯಾವ ಡ್ರೈವಿಗೆ ಯಾವುದು ತಕ್ಕುದೆಂಬ ತೀರ್ಮಾನವನ್ನು ಯಂತ್ರಕ್ಕೇ ಬಿಡಲಾಯಿತು. ಯಂತ್ರದ ತೀರ್ಮಾನವೂ ತಪ್ಪಬಲ್ಲದು: 2020ರ ವಿಂಡೋಸ್ 10 ಆವೃತ್ತಿಯೊಂದರಲ್ಲಿ, ಹಿಂದಿನ ಸಲ ಈ ಕೆಲಸ ನಡೆದ ದಿನಾಂಕ ಮರೆತುಹೋಗಿ, ಮತ್ತೆ ಮತ್ತೆ ಅದೇ ನಡೆಯುವ ದೋಷ ಕಂಡುಬಂದು, ಕೆಲವೇ ತಿಂಗಳಲ್ಲಿ ಅದನ್ನು ತಿದ್ದಲಾಯಿತು.

ಗೋವಾ ಸರ್ಕಾರವು 2012ರ ನಂತರ ಸೈಬರೇಜ್ ಹೆಸರನ್ನೇ ಉಳಿಸಿಕೊಂಡು 5 ಮತ್ತು 6ನೇ ತರಗತಿಯ ಮಕ್ಕಳಿಗೆ ಟ್ಯಾಬ್ಲೆಟ್ ಕೊಡಲು ಮುಂದಾಯಿತು. ಚಿಪ್ಪುಗಳಲ್ಲಿಯೇ ಎಲ್ಲವನ್ನೂ ಇಟ್ಟುಕೊಳ್ಳುವ ಟ್ಯಾಬ್ಲೆಟ್‌ನಲ್ಲಿ ಡಿಫ್ರ್ಯಾಗ್ ಮಾಡುವ ಗುಂಡಿಯೇ ಇಲ್ಲ. ಒಂದೇ ಹೆಸರಿನ ಯೋಜನೆಯ ಎರಡು ತಲೆಮಾರುಗಳ ನಡುವೆ ಒಂದು ಕರ್ತವ್ಯ ಪೂರ್ತಿಯಾಗಿ ಕಣ್ಮರೆಯಾದರೂ, ಅದರ ಜೊತೆ ಬೆಳೆದ ತಿಳಿವಳಿಕೆಗೆ ಇನ್ನೂ ಬೆಲೆಯಿದೆ. ತಟ್ಟೆ ತಿರುಗುವ ಡಿಸ್ಕುಗಳು ಹಳೆಯ ಕಂಪ್ಯೂಟರುಗಳಲ್ಲೂ ಫೋಟೋ ತುಂಬಿಡುವ ಹೊರಗಿನ ಡ್ರೈವುಗಳಲ್ಲೂ ಇನ್ನೂ ಇವೆ. ಅವು ನಿಧಾನವಾದಾಗ ಮೊದಲು ಮಾಹಿತಿಯ ನಕಲು ತೆಗೆದಿಡಬೇಕು, ಬಳಿಕ ಡಿಸ್ಕಿನ ಆರೋಗ್ಯ, ಖಾಲಿ ಜಾಗ, ಫೈಲು ಲೆಕ್ಕದ ಸರಿತಪ್ಪು ಮತ್ತು ವಿದ್ಯುತ್ತಿನ ಭರವಸೆಗಳನ್ನು ಈ ಕ್ರಮದಲ್ಲಿ ನೋಡಬೇಕು, ಇವೆಲ್ಲ ಸರಿಯಿದ್ದರೆ ಮಾತ್ರ ಚೂರುಗಳನ್ನು ಕೂಡಿಸಲು ಹೊರಡಬೇಕು. ಆ ಹದಿನೈದು ವರ್ಷ ಚಾಲ್ತಿಯಲ್ಲಿದ್ದ ಆಚಾರ ಈ ಪಟ್ಟಿಯ ಕೊನೆಯ ಹೆಜ್ಜೆಯನ್ನು ಮೊದಲ ಹೆಜ್ಜೆಯೆಂದು ಕಲಿಸಿತು. ಮನೆಗಳಲ್ಲಿ ಎದುರಾದ ಡಿಫ್ರ್ಯಾಗ್ ತೊಂದರೆಗಳಲ್ಲಿ ಬಹುಪಾಲು ಆ ತಲೆಕೆಳಗಾದ ಕ್ರಮದಿಂದಲೇ ಹುಟ್ಟಿದವು.